ಒಂದು ರಸ್ತೆಯ ಅಗಲ

ಊರಿನಿಂದ ನಂಟರು ಬಂದರೆಂದರೆ ಮುಂಬಯಿಯ ಕನ್ನಡಿಗನಿಗೆ ಒಂದು ಕರ್ತವ್ಯ ಹೆಗಲೇರಿತೆಂದೇ ಅರ್ಥ. ಗೇಟ್‌ವೇ ತೋರಿಸಬೇಕು, ರಾಣಿಬಾಗ ತೋರಿಸಬೇಕು, ಮಹಾಲಕ್ಷ್ಮಿಗೂ ಸಿದ್ಧಿವಿನಾಯಕನಿಗೂ ಕೈ ಮುಗಿಸಬೇಕು, ಸಂಜೆ ಚೌಪಾಟಿಯಲ್ಲಿ ಭೇಳ ತಿನ್ನಿಸಿ ರಾತ್ರಿಯ ಗಾಡಿಗೆ ಹತ್ತಿಸಬೇಕು. ಈ ಯಾದಿಯಲ್ಲಿ ತಪ್ಪೇನೂ ಇಲ್ಲ. ಆದರೆ ಮುಂಬಯಿಯೆಂದರೆ ಇಷ್ಟೇ ಎಂದು ನಂಟರು ತಿಳಿದುಕೊಂಡು ಹೋದರೆ ಅದು ನಮ್ಮ ಊರಿಗೆ ನಾವೇ ಮಾಡಿದ ಅನ್ಯಾಯವಾದೀತು. ಈ ನಗರದ ನಿಜವಾದ ಕ್ಷೇತ್ರಗಳು ಹಲವು ಇವೆ. ಅವಕ್ಕೆ ಗೋಪುರವಿಲ್ಲ, ಪೂಜಾರಿಯಿಲ್ಲ, ತಿಕೀಟೂ ಇಲ್ಲ. ಅಂಥ ಐದಾರು ಠಾವುಗಳಿಗೆ ವಾಚಕರನ್ನು ಕರೆದೊಯ್ಯಬೇಕೆಂದು ನನ್ನ ಆಸೆ. ಎಲ್ಲವೂ ಒಬ್ಬನೇ ಮನುಷ್ಯನಿಗೆ ಸಂಬಂಧಿಸಿದವು. ಅವರ ಹೆಸರು ನೌಷಾದ್ ಅಲಿ.

ಈ ಹೆಸರು ಕೇಳದವರೂ ಅವರ ಹಾಡು ಕೇಳಿಯೇ ಇರುತ್ತಾರೆ. ‘ರತನ್’, ‘ಅನ್ಮೋಲ್ ಘಡಿ’, ‘ಬೈಜು ಬಾವ್ರಾ’, ‘ಮದರ್ ಇಂಡಿಯಾ’, ‘ಮೊಘಲ್-ಎ-ಆಜಮ್’, ಹೀಗೆ ಅರವತ್ತಕ್ಕಿಂತ ಹೆಚ್ಚು ಚಿತ್ರಗಳಿಗೆ ರಾಗ ಕಟ್ಟಿದವರು ಅವರು.

ಮೊದಲ ಠಾವು ದಾದರದ ಟಿ.ಟಿ. ಟ್ರಾಮಿನ ಕೊನೆಯ ನಿಲ್ದಾಣವೆಂದು ಈ ಹೆಸರು. ಮುಂಬಯಿಯ ಕಡೆಯ ಟ್ರಾಮು ೧೯೬೪ರಲ್ಲೇ ಓಡಿ ನಿಂತಿತು. ಆದರೂ ಹೆಸರು ಮಾತ್ರ ಬಸ್ಸಿನ ಕಂಡಕ್ಟರರ ಬಾಯಲ್ಲಿ ಇಂದಿಗೂ ಇದೆ. ನಮ್ಮ ಜನಕ್ಕೆ ಈ ಸ್ಥಳ ಅಪರಿಚಿತವಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿಗೆ ನಾಟಕ ನೋಡಲು ಹೋಗುವವರೂ, ಅಲ್ಲಿನ ಉಡುಪಿ ಹೋಟೆಲುಗಳಲ್ಲಿ ಇಡ್ಲಿಗಾಗಿ ಸರತಿಯಲ್ಲಿ ನಿಲ್ಲುವವರೂ ಈ ವೃತ್ತವನ್ನು ಎಷ್ಟು ಸಲ ಸುತ್ತಿಲ್ಲ! ಇದರ ಆಸುಪಾಸಿನಲ್ಲಿಯೇ ಬ್ರಾಡ್‌ವೇ ಎಂಬ ಚಿತ್ರಮಂದಿರವಿತ್ತು. ಇಂದು ಅದಿಲ್ಲ. ಅದರ ಇದಿರಿಗೆ ರಸ್ತೆಯ ಆಚೆ ಬದಿಯಲ್ಲಿ ಒಂದು ಫುಟ್‌ಪಾತು. ಫುಟ್‌ಪಾತು ಮಾತ್ರ ಇದೆ. ಮುಂಬಯಿಯಲ್ಲಿ ಅದಕ್ಕೆ ಸಾವಿಲ್ಲ.

ಹೋದ ಚಳಿಗಾಲದಲ್ಲಿ ಹುಬ್ಬಳ್ಳಿಯಿಂದ ಬಂದಿದ್ದ ನನ್ನ ಅಣ್ಣನ ಮಗನನ್ನು ಇಲ್ಲಿಗೆ ಕರೆತಂದು ನಿಲ್ಲಿಸಿದೆ. ಹಾರ್ಮೋನಿಯಮ್ ನುಡಿಸುವ ಹುಚ್ಚಿನ ಹುಡುಗ. ಸುತ್ತಲೂ ನೋಡಿ, “ಇಲ್ಲೇನೈತಿ ಕಾಕಾ ನೋಡಾಕ? ಬರೇ ಮಂದಿ, ಬರೇ ಮೋಟಾರು” ಎಂದ.

“ನೋಡೂದು ಏನಿಲ್ಲಪಾ. ಈ ರಸ್ತೆ ಎಷ್ಟು ಅಗಲ ಐತಿ, ಅಷ್ಟ ಅಂದಾಜ ಮಾಡು” ಎಂದೆ.

ಅವನು ಕಣ್ಣಿನಲ್ಲೇ ಅಳೆದು, ನಡೆದರೆ ಒಂದು ನಿಮಿಷ ಸಾಕೆಂದ. ನೌಷಾದರಿಗೆ ಇದನ್ನು ದಾಟಲು ಹದಿನೈದು ವರುಷ ಹಿಡಿಯಿತು. ಅದು ಹೇಗೆಂದು ತಿಳಿಯಬೇಕಾದರೆ ಮೊದಲು ಅವರ ಹುಟ್ಟೂರಾದ ಲಖನೌಗೆ ಹೋಗಿಬರಬೇಕು.

ಅವರು ಹುಟ್ಟಿದ್ದು ೧೯೧೯ರ ಡಿಸೆಂಬರ್ ೨೫ರಂದು. ತಂದೆ ವಾಹಿದ್ ಅಲಿ ನ್ಯಾಯಾಲಯದಲ್ಲಿ ಮುನ್ಷಿ, ಕಟ್ಟುನಿಟ್ಟಿನ ಗೃಹಸ್ಥರು. ಲಖನೌಗೆ ಸಮೀಪದ ಬಾರಾಬಂಕಿ ಜಿಲ್ಲೆಯಲ್ಲಿ ದೇವಾ ಎಂಬ ಊರಿದೆ. ಅಲ್ಲಿ ಹಾಜಿ ವಾರಿಸ್ ಅಲಿ ಶಾಹರ ದರ್ಗಾ ಇದೆ. ಹಿಂದೊಮ್ಮೆ ಕೆಲಸದ ನಿಮಿತ್ತ ಆ ಕಡೆ ಹೋದಾಗ ಒಂದು ಮಧ್ಯಾಹ್ನವನ್ನು ನಾನು ಅಲ್ಲಿ ಕಳೆದೆ. ಹಳದಿ ಬಟ್ಟೆ ಉಟ್ಟ ಫಕೀರರು ಅಂಗಳದಲ್ಲಿ ಕುಳಿತಿದ್ದರು. ಚಾದರ ಹೊತ್ತು ಬರುತ್ತಿದ್ದವರಲ್ಲಿ ಹಿಂದೂಗಳೆಷ್ಟೋ, ಮುಸಲ್ಮಾನರೆಷ್ಟೋ, ಹೇಳುವುದು ಕಷ್ಟ. ಹೋಳಿಯ ದಿನ ಈ ಅಂಗಳದಲ್ಲಿ ಬಣ್ಣವಾಡುತ್ತಾರೆ. ಕಾರ್ತಿಕದಲ್ಲಿ ನಡೆಯುವ ಜಾತ್ರೆಯಲ್ಲಿ ದನದ ಸಂತೆಯೂ ಉಂಟು, ಕವಿಗೋಷ್ಠಿಯೂ ಉಂಟು, ಗಾಯನವೂ ಉಂಟು. ನಮ್ಮ ಕಡೆಯ ದೊಡ್ಡ ಜಾತ್ರೆಗಳನ್ನು ಕಂಡವರಿಗೆ ಇದು ಹೊಸದೆನಿಸಲಾರದು. ಬಾಲಕ ನೌಷಾದ್ ವರುಷ ವರುಷವೂ ಈ ಜಾತ್ರೆಗೆ ಬಂದು ಕವ್ವಾಲರ, ಹಾಡುಗಾರರ ಮುಂದೆ ಕೂತು ಕಿವಿ ತುಂಬಿಕೊಂಡರು. ಮುಂದೆ ಅವರು ಬಾಳೆಲ್ಲ ಖರ್ಚು ಮಾಡಿದ್ದು ಈ ಬಂಡವಾಳವನ್ನೇ.

ಲಖನೌದಲ್ಲಿ ಮೂಕಚಿತ್ರಗಳ ಕಾಲ. ರಾಯಲ್ ಎಂಬ ಚಿತ್ರಮಂದಿರದಲ್ಲಿ ತೆರೆಯ ಮುಂದೆ ವಾದ್ಯಗಾರರು ಕುಳಿತು ಕತೆಗೆ ತಕ್ಕಂತೆ ನುಡಿಸುತ್ತಿದ್ದರು. ಅತ್ತರೆ ಒಂದು ರಾಗ, ಕುದುರೆ ಓಡಿದರೆ ಇನ್ನೊಂದು ತಾಳ. ಹುಡುಗ ಅಲ್ಲಿ ಕೂತು ಚಿತ್ರ ನೋಡುವುದನ್ನು ಬಿಟ್ಟು ವಾದ್ಯಗಳನ್ನೇ ನೋಡುತ್ತಿದ್ದ. ವಾದ್ಯ ಮಾರುವ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ. ಧೂಳು ಒರಸುವ ನೆಪದಲ್ಲಿ ಹಾರ್ಮೋನಿಯಮ್ಮಿನ ಮೇಲೆ ಬೆರಳಾಡಿಸುವುದು, ಕೆಟ್ಟ ಪೆಟ್ಟಿಗೆಗಳನ್ನು ರಿಪೇರಿ ಮಾಡುವುದು, ಹೀಗೆ ಕಲಿಕೆ. ಉಸ್ತಾದ್ ಗುರ್ಬತ್ ಅಲಿ, ಯೂಸುಫ್ ಅಲಿ, ಬಬ್ಬನ್ ಸಾಹೇಬ್ ಮೊದಲಾದವರ ಬಳಿ ಪಾಠವೂ ಆಯಿತು. ಸುದ್ದಿ ತಂದೆಯ ಕಿವಿಗೆ ಬಿತ್ತು. ಮರ್ಯಾದಸ್ಥರ ಮನೆಯಲ್ಲಿ ಇದು ನಡೆಯತಕ್ಕದ್ದಲ್ಲ. ಮನೆ ಬೇಕೋ, ಸಂಗೀತ ಬೇಕೋ ಆರಿಸಿಕೋ ಎಂದುಬಿಟ್ಟರು. ಮಗ ಆರಿಸಿಕೊಂಡ. ೧೯೩೭ರಲ್ಲಿ, ಹದಿನೆಂಟು ತುಂಬುವ ಮೊದಲೇ, ಮುಂಬಯಿಗೆ ಬಂದಿಳಿದ.

ಮೊದಲು ಕೊಲಾಬಾದಲ್ಲಿ ಊರ ಕಡೆಯ ಪರಿಚಯದವರ ಮನೆ. ಬಿಡಾರ ಕೊಟ್ಟವರಿಗೆ ಎಷ್ಟು ದಿನ ಭಾರವಾಗುವುದು? ಅಲ್ಲಿಂದ ದಾದರಕ್ಕೆ, ಬ್ರಾಡ್‌ವೇ ಇದಿರಿನ ಆ ಫುಟ್‌ಪಾತಿಗೆ. ರಾತ್ರಿ ಮಲಗಿದಾಗ ಕಣ್ಣಿಗೆ ಬೀಳುತ್ತಿದ್ದದ್ದು ಚಿತ್ರಮಂದಿರದ ದೀಪಗಳು. ಅಲ್ಲಿ ಎಂದಾದರೊಂದು ದಿನ ನನ್ನ ಸಂಗೀತ ಕೇಳಿಸೀತೇ ಎಂದು ನೆನೆಯುತ್ತ ನಿದ್ದೆ ಹೋಗುತ್ತಿದ್ದರಂತೆ. ಫುಟ್‌ಪಾತಿನ ಮೇಲೆ ಮಲಗಿದ ಎಲ್ಲರೂ ಏನಾದರೊಂದು ನೆನೆಯುತ್ತಲೇ ಮಲಗಿರುತ್ತಾರೆ. ನಮಗೆ ಕೇಳಿಬರುವುದು ನೆರವೇರಿದವರ ನೆನಪು ಮಾತ್ರ.

ಟಿ.ಟಿ.ಯಿಂದ ತುಸು ದೂರದಲ್ಲಿ, ದಾದರದ ಪೂರ್ವ ಭಾಗದಲ್ಲಿಯೇ, ದಾದಾಸಾಹೇಬ್ ಫಾಲ್ಕೆ ರಸ್ತೆ ಇದೆ. ಚಂದೂಲಾಲ್ ಶಾಹ ಮತ್ತು ನಟಿ ಗೋಹರ್ ೧೯೨೯ರಲ್ಲಿ ಕಟ್ಟಿದ ರಣಜಿತ್ ಸಂಸ್ಥೆಯ ಸ್ಟುಡಿಯೋ ಇದ್ದದ್ದು ಇಲ್ಲಿಯೇ. ಇದು ನಮ್ಮ ಎರಡನೆಯ ಠಾವು. ನೌಷಾದರು ಮೊದಲು ಉಸ್ತಾದ್ ಝಂಡೇ ಖಾನರ ಕೈಕೆಳಗೆ ತಿಂಗಳಿಗೆ ೪೦ ರೂಪಾಯಿ ಸಂಬಳದ ಸಹಾಯಕರು. ವಾದ್ಯವೃಂದದಲ್ಲಿ ಪಿಯಾನೋ ನುಡಿಸಿದ್ದೂ ಉಂಟು. ಬಳಿಕ ರಣಜಿತ್‌ನಲ್ಲಿ ಖೇಮ್‌ಚಂದ್ ಪ್ರಕಾಶರು ಅವರನ್ನು ೬೦ ರೂಪಾಯಿಗೆ ತಮ್ಮ ಸಹಾಯಕರನ್ನಾಗಿ ಇಟ್ಟುಕೊಂಡರು. ರಾಜಸ್ಥಾನದ ಈ ಹಿರಿಯರನ್ನು ನೌಷಾದರು ಜೀವವಿರುವ ತನಕ ಗುರುಗಳೆಂದೇ ಕರೆದರು. ೧೯೪೦ರ ‘ಪ್ರೇಮ್ ನಗರ್’ ಅವರು ಸ್ವತಂತ್ರವಾಗಿ ಸಂಗೀತ ಕೊಟ್ಟ ಮೊದಲ ಚಿತ್ರ.

ಅಲ್ಲಿಂದ ದಕ್ಷಿಣಕ್ಕೆ ಹಿಂದಮಾತಾ ದಾಟಿದರೆ ಪರೇಲ್. ಇದು ಮೂರನೆಯ ಠಾವು. ನಿರ್ಮಾಪಕ ಎ. ಆರ್. ಕಾರ್ದಾರರ ಸ್ಟುಡಿಯೋ ಇಲ್ಲಿತ್ತು. ಗಿರಣಿಗಳ ಭೋಂಗಾ ಹೊತ್ತು ಹೊತ್ತಿಗೆ ಕೂಗುತ್ತಿದ್ದ ಆ ಪೇಟೆಯಲ್ಲಿ ಕೂತು ನೌಷಾದರು ಹಳ್ಳಿಯ ಹಾಡುಗಳಿಗೆ ರಾಗ ಕೂಡಿಸಿದರು. ೧೯೪೨ರ ‘ಶಾರದಾ’ದಲ್ಲಿ ಇನ್ನೂ ಎಳೆಯ ಹುಡುಗಿಯಾಗಿದ್ದ ಸುರೈಯಾಳಿಂದ ಹಾಡಿಸಿದರು. ಬಳಿಕ ೧೯೪೪ರಲ್ಲಿ, ಕಾರ್ದಾರರಲ್ಲಿ ಇದ್ದುಕೊಂಡೇ ಹೊರಗಿನ ಸಂಸ್ಥೆಗೆ ಮಾಡಿಕೊಟ್ಟ ‘ರತನ್’ ಬಂತು. ಅದರ ಹಾಡುಗಳು ದೇಶವನ್ನೆಲ್ಲ ಸುತ್ತಿದವು. ಅಲ್ಲಿಂದ ಮುಂದೆ ಅವರು ಒಂದು ಚಿತ್ರಕ್ಕೆ ೨೫,೦೦೦ ರೂಪಾಯಿ ಕೇಳುವಂತಾಯಿತು. ಏಳು ವರುಷದ ಹಿಂದಿನ ೪೦ ರೂಪಾಯಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ.

‘ರತನ್’ ಎಂದ ಕೂಡಲೇ ಕನ್ನಡಿಗರು ನೆನೆಯಬೇಕಾದ ಒಂದು ಹೆಸರಿದೆ. ಆ ಚಿತ್ರದಲ್ಲಿ ಅಗಲಿಕೆಯ ಹಾಡೊಂದನ್ನು ಹಾಡಿದವರು ಅಮೀರ್‌ಬಾಯಿ ಕರ್ನಾಟಕಿ. ಬೀಳಗಿಯ ಹೆಣ್ಣುಮಗಳು. ಊರು ಬಿಟ್ಟರೂ ಊರಿನ ಹೆಸರನ್ನು ಬಿಡಲಿಲ್ಲ. ಹಿಂದೀ ಚಿತ್ರಗಳ ಗ್ರಾಮಫೋನ್ ತಟ್ಟೆಗಳ ಮೇಲೆ ಕರ್ನಾಟಕದ ಹೆಸರನ್ನು ಅಚ್ಚು ಹಾಕಿಸಿ ಮನೆ ಮನೆಗೂ ಕಳುಹಿಸಿದರು. ವಿಜಯಪುರದಲ್ಲಿ ಅಮೀರ್ ಟಾಕೀಸ್ ಎದ್ದಿದ್ದು ಅವರ ಹೆಸರಿನಲ್ಲಿಯೇ. ೧೯೬೫ರಲ್ಲಿ ಮುಂಬಯಿಯಲ್ಲಿ ತೀರಿಕೊಂಡರು. ಲಖನೌದ ಹುಡುಗ ಕಟ್ಟಿದ ರಾಗವನ್ನು ಬೀಳಗಿಯ ಹೆಣ್ಣುಮಗಳು ಹಾಡಿ, ಅದನ್ನು ಪೇಶಾವರದಿಂದ ಮದರಾಸಿನವರೆಗೆ ಜನ ಗುನುಗುನಿಸುವುದೆಂದರೆ, ಮುಂಬಯಿ ಎಂಬ ಊರು ಏನು ಮಾಡಬಲ್ಲುದು ಎಂಬುದಕ್ಕೆ ಇನ್ನೊಂದು ದೃಷ್ಟಾಂತ ಬೇಕೇ?

ಇಷ್ಟು ಹೆಸರಾದರೂ ಲಖನೌದಲ್ಲಿ ಮಾತ್ರ ಹಾಡು ಕಟ್ಟುವವನಿಗೆ ಹೆಣ್ಣು ಕೊಡುವವರಿಲ್ಲ. ಮಗ ಮುಂಬಯಿಯಲ್ಲಿ ದರ್ಜಿ ಎಂದು ಹೇಳಿ ಮನೆಯವರು ಮದುವೆ ಗೊತ್ತು ಮಾಡಿದರು. ಮದುವೆಯ ಮೆರವಣಿಗೆಯಲ್ಲಿ ಬ್ಯಾಂಡಿನವರು ಊದಿದ್ದೆಲ್ಲ ‘ರತನ್’ ಚಿತ್ರದ ಹಾಡುಗಳನ್ನೇ! ತನ್ನ ಹಾಡಿಗೆ ತಾನೇ ಕಿವುಡನಂತೆ, ದರ್ಜಿಯ ಮುಖ ಹೊತ್ತು, ವರ ಕುದುರೆಯ ಮೇಲೆ ಕುಳಿತಿದ್ದ. ಈ ಕತೆಯನ್ನು ನೌಷಾದರು ನಗುತ್ತ ಹೇಳುತ್ತಿದ್ದರು. ನಗುವಿನ ಕೆಳಗೆ ನೋವೂ ಇದ್ದೀತು. ಆದರೆ ಮುನ್ಷಿಯವರ ಮನಸ್ಸೂ ಕಲ್ಲಾಗಿ ಉಳಿಯಲಿಲ್ಲ. ಪಂಜಾಬಿನ ತರುಣ ಗಾಯಕನೊಬ್ಬ ಒಂದು ದಿನ ನೌಷಾದರ ಬಾಗಿಲಿಗೆ ಬಂದಾಗ ಅವನ ಕೈಯಲ್ಲಿ ಶಿಫಾರಸು ಪತ್ರವಿತ್ತು. ಬರೆದುಕೊಟ್ಟವರು ಬೇರೆ ಯಾರೂ ಅಲ್ಲ, ವಾಹಿದ್ ಅಲಿಯವರೇ ಎಂದು ಹೇಳುತ್ತಾರೆ. ಆ ತರುಣ ಮಹಮ್ಮದ್ ರಫಿ. ಮನೆಯೋ ಸಂಗೀತವೋ ಎಂದು ಕೇಳಿದ ಕೈಯೇ ಕೊನೆಗೆ ಸಂಗೀತಕ್ಕೆ ಇಂಥ ಉಡುಗೊರೆ ಕಳಿಸಿತು.

ಈಗ ೧೯೫೨. ವಿಜಯ ಭಟ್ಟರು ‘ಬೈಜು ಬಾವ್ರಾ’ ತೆಗೆಯಲು ಹೊರಟರು. ಅಕ್ಬರನ ಕಾಲದ ಗಾಯಕನ ಕತೆ. ಆದ್ದರಿಂದ ಹಾಡುಗಳೆಲ್ಲ ಶಾಸ್ತ್ರೀಯ ರಾಗಗಳಲ್ಲಿಯೇ ಇರಬೇಕೆಂದು ನೌಷಾದರ ಹಟ. ಇಷ್ಟು ರಾಗ ಹಾಕಿದರೆ ಪ್ರೇಕ್ಷಕರಿಗೆ ತಲೆನೋವು ಬಂದು ಎದ್ದು ಹೋದಾರು ಎಂದು ನಿರ್ಮಾಪಕರ ಕಡೆಯಿಂದ ಆಕ್ಷೇಪ ಬಂತು. ಜನರ ಅಭಿರುಚಿಗೆ ತಕ್ಕ ಹಾಗೆ ಕೊಡಬೇಕೋ, ಅಭಿರುಚಿಯನ್ನೇ ಒಂದಿಷ್ಟು ಮೇಲೆತ್ತಬೇಕೋ? ನಮ್ಮ ಸಂಘಗಳ ಕಾರ್ಯಕಾರಿ ಸಮಿತಿಗಳಲ್ಲಿಯೂ ವಾರ್ಷಿಕೋತ್ಸವದ ಮುಂಚೆ ಈ ಚರ್ಚೆ ತಪ್ಪಿದ್ದಲ್ಲ. ನೌಷಾದರು ಎರಡನೆಯದನ್ನು ಹಿಡಿದು ಕೂತರು. ತಾನಸೇನನ ಪಾತ್ರಕ್ಕೆ ಉಸ್ತಾದ್ ಅಮೀರ್ ಖಾನ್, ಬೈಜುವಿಗೆ ಪಂಡಿತ ಡಿ. ವಿ. ಪಲುಸ್ಕರ್, ಇಬ್ಬರನ್ನೂ ದೇಸಿ ರಾಗದಲ್ಲಿ ಎದುರುಬದುರು ಹಾಡಿಸಿದರು. ಮಾಲ್ಕೌಂಸ್‌ನಲ್ಲಿ ಹರಿಯನ್ನು ಕರೆಯುವ ಭಜನೆಯೊಂದನ್ನು ರಫಿಯಿಂದ ಹಾಡಿಸಿದರು; ಬರೆದವರು ಶಕೀಲ್ ಬದಾಯುನಿ. ಬರೆದವರು, ರಾಗ ಕೂಡಿಸಿದವರು, ಹಾಡಿದವರು ಮೂವರೂ ಮುಸಲ್ಮಾನರು. ಆ ಭಜನೆ ದೇವರ ಮನೆಗಳಿಗೆ ಹೋಯಿತು. ಯಾರೂ ಜಾತಿ ಕೇಳಲಿಲ್ಲ. ದೇವಾದ ಜಾತ್ರೆಯನ್ನು ಕಂಡವರಿಗೆ ಇದು ಎಲ್ಲಿಂದ ಬಂತೆಂದು ಬೇರೆ ಹೇಳಬೇಕಾಗಿಲ್ಲ.

ತಲೆನೋವು ಯಾರಿಗೂ ಬರಲಿಲ್ಲ. ಚಿತ್ರ ಅಪಾರ ಯಶಸ್ಸು ಕಂಡಿತು. ೧೯೫೪ರಲ್ಲಿ ಮೊದಲ ಬಾರಿಗೆ ಫಿಲ್ಮ್‌ಫೇರ್ ಬಹುಮಾನಗಳನ್ನು ಕೊಟ್ಟಾಗ ಸಂಗೀತದ ಬಹುಮಾನ ನೌಷಾದರಿಗೇ ಸಂದಿತು. ಆದರೆ ನನಗೆ ಮುಖ್ಯವೆನಿಸುವುದು ಬಹುಮಾನವಲ್ಲ. ಚಿತ್ರದ ಮೊದಲ ಪ್ರದರ್ಶನ ದಾದರದ ಅದೇ ಬ್ರಾಡ್‌ವೇ ಚಿತ್ರಮಂದಿರದಲ್ಲಿ ಆಯಿತು. ನೌಷಾದರ ಕಣ್ಣಲ್ಲಿ ನೀರು ಕಂಡು ವಿಜಯ ಭಟ್ಟರು ಕಾರಣ ಕೇಳಿದರಂತೆ. ಇದಿರಿನ ಫುಟ್‌ಪಾತನ್ನು ತೋರಿಸಿ, ಅಲ್ಲಿಂದ ಇಲ್ಲಿಗೆ ಬರಲು ಇಷ್ಟು ವರುಷ ಬೇಕಾಯಿತೆಂದು ಅವರು ಹೇಳಿದರಂತೆ. ಈ ರಸ್ತೆಯ ಅಗಲವನ್ನು ಅಳೆಯಲು ಗಜಕೋಲು ಸಾಲದು ಎಂದು ನನ್ನ ಹುಡುಗನಿಗೆ ಹೇಳಿದ್ದು ಇದಕ್ಕಾಗಿಯೇ.

ನಾಲ್ಕನೆಯ ಠಾವು ಮುಂಬಯಿ ಸೆಂಟ್ರಲ್ ನಿಲ್ದಾಣದ ಇದಿರಿನ ಮರಾಠಾ ಮಂದಿರ. ಕೆ. ಆಸಿಫರ ‘ಮೊಘಲ್-ಎ-ಆಜಮ್’ ೧೯೬೦ರ ಆಗಸ್ಟ್ ೫ರಂದು ಬಿಡುಗಡೆಯಾದದ್ದು ಇಲ್ಲಿಯೇ. ಆ ಚಿತ್ರಕ್ಕೆ ತಾನಸೇನನ ಕಂಠ ಬೇಕಾಯಿತು. ನೌಷಾದರು ಬಡೇ ಗುಲಾಮ್ ಅಲಿ ಖಾನರ ಹೆಸರು ಹೇಳಿದರು. ಖಾನ್ ಸಾಹೇಬರಿಗೆ ಚಲಚ್ಚಿತ್ರವೆಂದರೆ ಆಗದು. ಬಂದವರನ್ನು ಸಾಗಹಾಕಲೆಂದು ಒಂದು ಹಾಡಿಗೆ ೨೫,೦೦೦ ರೂಪಾಯಿ ಎಂದರು. ಹೆಸರಾಂತ ಹಿನ್ನೆಲೆ ಗಾಯಕರಿಗೆ ಒಂದು ಹಾಡಿಗೆ ಕೆಲವು ನೂರು ಸಿಗುತ್ತಿದ್ದ ಕಾಲ ಅದು. ಆಸಿಫರು ಅಲ್ಲಿಂದಲ್ಲೇ ಒಪ್ಪಿಬಿಟ್ಟರು. ಖಾನ್ ಸಾಹೇಬರಿಗೆ ಹಾಡದೆ ಗತ್ಯಂತರವಿಲ್ಲದಾಯಿತು. ಇನ್ನೊಂದು ಹಾಡಿನಲ್ಲಿ ರಫಿಯ ಹಿಂದೆ ನೂರು ಮಂದಿಯ ಮೇಳವನ್ನು ನಿಲ್ಲಿಸಿದರು. ಶೀಷ್ ಮಹಲಿನ ಹಾಡಿಗೆ ಪ್ರತಿಧ್ವನಿ ಬೇಕಾದಾಗ, ಇಂದಿನ ಯಂತ್ರಗಳಿಲ್ಲದ್ದರಿಂದ, ಲತಾ ಮಂಗೇಶಕರರನ್ನು ಸ್ನಾನದ ಮನೆಯಲ್ಲಿ ನಿಲ್ಲಿಸಿ ಹಾಡಿಸಿದರೆಂಬ ಕತೆಯೂ ಉಂಟು. ಬಚ್ಚಲುಮನೆಯಲ್ಲಿ ಯಾರ ಕಂಠವಾದರೂ ಇಂಪಾಗುತ್ತದೆಂಬ ಗುಟ್ಟು ನಮಗೆಲ್ಲ ತಿಳಿದದ್ದೇ. ಅದರಿಂದ ಕೆಲಸ ತೆಗೆದುಕೊಂಡವರು ಅವರು.

ಐದನೆಯ ಠಾವಿಗೆ ರೈಲು ಹಿಡಿದು ಬಾಂದ್ರಾಕ್ಕೆ ಹೋಗಬೇಕು. ಕಾರ್ಟರ್ ರಸ್ತೆ ಸಮುದ್ರದ ಅಂಚಿನ ರಸ್ತೆ. ಸಂಜೆಯ ಹೊತ್ತು ತರುಣರೂ ವೃದ್ಧರೂ ನಾಯಿಗಳೂ ಸಮಾನವಾಗಿ ಗಾಳಿ ತಿನ್ನುವ ಜಾಗ. ಈ ರಸ್ತೆಗೆ ಈಗ ನೌಷಾದರ ಹೆಸರನ್ನೇ ಇಟ್ಟಿದ್ದಾರೆ. ರಸ್ತೆಯ ಅಂಚಿನಲ್ಲಿ ಮಲಗಿದ್ದವನ ಹೆಸರು ಒಂದು ರಸ್ತೆಗೇ ಬಂದಿತು. ಇಲ್ಲಿ ಅವರು ಕಟ್ಟಿಕೊಂಡ ಮನೆಯ ಹೆಸರು ‘ಆಶಿಯಾನಾ’, ಎಂದರೆ ಗೂಡು. ಮಾಡಿಲ್ಲದೆ ಮಲಗಿದವರಿಗೆ ಗೂಡಿನ ಬೆಲೆ ತಿಳಿದಷ್ಟು ಅರಮನೆಯವರಿಗೆ ತಿಳಿಯದು.

ಇಲ್ಲಿ ನಿಂತಾಗ ನನಗೆ ಒಂದು ಸಂಗತಿ ಹೊಳೆಯಿತು. ಸಮುದ್ರದ ದಂಡೆಯಲ್ಲಿ ಮನೆಯಿದ್ದರೂ ಅವರ ಹಾಡುಗಳಲ್ಲಿ ಕೇಳಿಸುವುದು ಅವಧದ ಬಯಲು. ‘ಮದರ್ ಇಂಡಿಯಾ’ದಲ್ಲಿ ಹೊಲದ ಕೆಲಸದ ಹಾಡು, ಬೀಳ್ಕೊಡುವ ಹಾಡು, ಹೋಳಿಯ ಹಾಡು; ೧೯೬೧ರ ‘ಗಂಗಾ ಜಮ್ನಾ’ದಲ್ಲಂತೂ ಮಾತೂ ಹಾಡೂ ಅವರ ಸೀಮೆಯ ಹಳ್ಳಿಯ ನುಡಿಯಲ್ಲಿಯೇ. ತಂದೆ ಮನೆಯಿಂದ ಹೊರಡಿಸಿದಾಗ ಮಗ ಬರಿಗೈಲಿ ಹೊರಟನೆಂದು ಎಲ್ಲರೂ ತಿಳಿದಿದ್ದರು. ಹಾಗಲ್ಲ, ಇಡಿಯ ಊರನ್ನೇ ಕಿವಿಯಲ್ಲಿ ತುಂಬಿಕೊಂಡು ಬಂದಿದ್ದ. ಜೀವಮಾನವೆಲ್ಲ ಅದನ್ನೇ ಬಿಚ್ಚಿ ಬಿಚ್ಚಿ ಹಂಚಿದ.

ಕಾಲ ಬದಲಾಯಿತು. ಎಪ್ಪತ್ತರ ದಶಕದಲ್ಲಿ ಹಾಡುಗಳ ನಡೆ ಬೇರೆಯಾಯಿತು. ಅವರಿಗೆ ಚಿತ್ರಗಳು ಕಡಿಮೆಯಾದವು. ಅವರು ನಡೆ ಬದಲಿಸಲಿಲ್ಲ, ಗೂಡೂ ಬಿಡಲಿಲ್ಲ. ಉರ್ದುವಿನಲ್ಲಿ ಕವಿತೆ ಬರೆದುಕೊಂಡಿದ್ದರು. ೧೯೮೧ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂತು. ೬೦ ರೂಪಾಯಿ ಎಣಿಸಿಕೊಂಡ ರಸ್ತೆಗೂ ಈ ಪ್ರಶಸ್ತಿಗೂ ಇಂದು ಒಂದೇ ಹೆಸರು. ೧೯೮೮ರಲ್ಲಿ ‘ಧ್ವನಿ’ ಎಂಬ ಮಲೆಯಾಳ ಚಿತ್ರಕ್ಕೆ ರಾಗ ಕಟ್ಟಿದರು. ೧೯೯೨ರಲ್ಲಿ ಪದ್ಮಭೂಷಣ. ಕೊನೆಯ ಚಿತ್ರ ೨೦೦೫ರ ‘ತಾಜ್ ಮಹಲ್’. ೨೦೦೬ರ ಮೇ ೫ರಂದು ತೀರಿಕೊಂಡರು.

ಕಡೆಯ ಠಾವು ಜುಹೂ ಕಬರಸ್ತಾನ. ಅವರನ್ನು ಮಣ್ಣು ಮಾಡಿದ್ದು ಇಲ್ಲಿ. ರಫಿಯೂ ಇಲ್ಲಿಯೇ, ಮಧುಬಾಲಾಳೂ ಇಲ್ಲಿಯೇ. ಆದರೆ ಗೋರಿಗಳನ್ನು ಹುಡುಕಬೇಡಿ. ಮುಂಬಯಿಯಲ್ಲಿ ಬದುಕಿದ್ದವರಿಗೇ ಜಾಗವಿಲ್ಲ, ಸತ್ತವರಿಗೆ ಎಲ್ಲಿಂದ ಬರಬೇಕು? ಹೊಸಬರಿಗೆ ಎಡೆ ಮಾಡಲೆಂದು ೨೦೧೦ರಲ್ಲಿ ಈ ಹಳೆಯ ಗೋರಿಗಳನ್ನೆಲ್ಲ ತೆಗೆದು ಹೊಸ ಮಣ್ಣು ಹಾಕಿದರು. ನನ್ನ ಹುಡುಗ ಬಹಳ ಹೊತ್ತು ಸುಮ್ಮನಿದ್ದು, “ಹಂಗಾರ ಏನ್ ಉಳೀತು ಕಾಕಾ?” ಎಂದು ಕೇಳಿದ. ಉತ್ತರ ಹುಡುಕಬೇಕಾಗಲಿಲ್ಲ. ಗೇಟಿನ ಹೊರಗೆ ರಿಕ್ಷಾ ಹತ್ತಿದಾಗ ಅವನೇ ತನಗರಿವಿಲ್ಲದಂತೆ ‘ಬೈಜು ಬಾವ್ರಾ’ದ ಒಂದು ರಾಗವನ್ನು ಗುನುಗುತ್ತಿದ್ದ. ಅವನ ತಂದೆ ಹುಟ್ಟುವ ಮೊದಲು ಕಟ್ಟಿದ ಹಾಡು ಅದು!

ಬಿಟ್ಟುಬಂದ ಊರಿನದು ಏನನ್ನು ಉಳಿಸಿಕೊಳ್ಳಬೇಕು, ಮಕ್ಕಳ ಕೈಗೆ ಏನನ್ನು ದಾಟಿಸಬೇಕು ಎಂದು ನಮ್ಮ ಸಂಘದ ಪ್ರತಿಯೊಂದು ಸಭೆಯಲ್ಲಿ ಚಿಂತಿಸುತ್ತೇವೆ. ಹೊರನಾಡಿನಲ್ಲಿ ಜಾಗವೆಂಬುದು ಎಂದಿಗೂ ನಮ್ಮದಲ್ಲ. ಚಿತ್ರಮಂದಿರ ಹೋಯಿತು, ಸ್ಟುಡಿಯೋದ ಹಾಡು ನಿಂತಿತು, ಗೋರಿಯೂ ಹೋಯಿತು. ನಿಂತದ್ದು ಕಿವಿಯಿಂದ ಕಿವಿಗೆ ದಾಟಿದ್ದು ಮಾತ್ರ. ಮನೆಯಲ್ಲಿ ಆಡುವ ಮಾತು, ತೊಟ್ಟಿಲ ಬಳಿಯ ಹಾಡು, ಅಜ್ಜಿ ಹೇಳಿದ ಒಂದು ಗಾದೆ, ಇವನ್ನು ಇರಿಸಲು ಚದರಡಿಯ ಲೆಕ್ಕ ಬೇಡ, ಪಗಡಿಯೂ ಬೇಡ. ಮುಂಬಯಿಯಂಥ ಊರು ಇವಕ್ಕೆ ಅಡ್ಡಿ ಮಾಡುವುದಿಲ್ಲ. ನಾವು ಹಾಡಿದರೆ ಕೇಳುತ್ತದೆ, ಇಷ್ಟವಾದರೆ ತಾನೂ ಹಾಡುತ್ತದೆ. ಹಾಡಬೇಕಾದವರು ಮಾತ್ರ ನಾವೇ.